ನೇಪಾಳದ ಹೊಳೆ, ಪಾವಗಡದ ಬಿಸಿಲು: ದೇಶ ದೇಶಗಳ ನಡುವೆ ಕರೆಂಟಿನ ಮುಯ್ಯಾಳು ನಡೆದೀತಾ?

ಮಾರಿಕಣಿವೆ ರೈತ (ಹಿರಿಯೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಸಮಾಧಾನದಿಂದ ಓದಿ.

ನಮ್ಮ ಹೊಲಗಳ ನಡುವೆ ಒಂದು 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಇದೆ. ಅದರ ಮೇಲೆ ಆರು ಬೋರು. ಕಾಗದದಲ್ಲಿ ಎಲ್ಲವೂ ಏಳೂವರೆ ಎಚ್‌ಪಿ ಮೋಟರು, ನೆಲದೊಳಗೆ ಇಳಿಸಿರೋದು ಹನ್ನೆರಡೂವರೆ. ನಂದೂ ಅಷ್ಟೇ. ಹೋದ ವರ್ಷದ ಬೇಸಿಗೆಯಲ್ಲಿ ತ್ರೀ ಫೇಸ್ ಬಂದ ಕೂಡಲೇ ಆರೂ ಜನರ ಮೋಟರು ಒಟ್ಟಿಗೆ ಎದ್ದೇಳುತ್ತಿದ್ದವು. ಒಂದು ರಾತ್ರಿ ಟಿಸಿ ಹಾರಿಹೋಯ್ತು. ಬೆಳಿಗ್ಗೆ ಹೋಗಿ ನೋಡಿದರೆ ಎಣ್ಣೆ ಕಂಬದುದ್ದಕ್ಕೂ ಇಳಿದು ಕೆಳಗಿನ ಗರಿಕೆ ಕಪ್ಪಾಗಿತ್ತು. ಬೇರೆ ಟಿಸಿ ಬರೋ ಹೊತ್ತಿಗೆ ಹನ್ನೊಂದು ದಿನ. ನನ್ನ ಮುಕ್ಕಾಲು ಎಕರೆ ಟೊಮ್ಯಾಟೊ ಹೂವೆಲ್ಲ ಉದುರಿತು, ಪಕ್ಕದವರ ಎರಡು ವರ್ಷದ ಅಡಿಕೆ ಸಸಿ ಸುಳಿ ಒಣಗಿದವು. ಹನ್ನೆರಡನೇ ದಿನ ಹುಣಸೆಮರದ ಕೆಳಗೆ ಕೂತು, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಪಾಳಿ ಬರ್ಕೊಂಡ್ವಿ. ಒಂದು ಹೊತ್ತಿಗೆ ಮೂರೇ ಮೋಟರು. ಅವತ್ತಿಂದ ಟಿಸಿ ಸುಟ್ಟಿಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನೇಪಾಳದವರು ನಮ್ಮ ದೇಶದ ತಂತಿ ಮೇಲೆ ಹಾಯಿಸಿ ಬಾಂಗ್ಲಾದೇಶಕ್ಕೆ 40 ಮೆಗಾವ್ಯಾಟ್ ಕರೆಂಟು ಕೊಡ್ತಿದಾರೆ ಅಂತ ಓದಿದೆ. 2024ರ ಅಕ್ಟೋಬರ್ 3ಕ್ಕೆ ಕಠ್ಮಂಡುವಿನಲ್ಲಿ ಮೂರೂ ಕಡೆಯವರು ಸಹಿ ಹಾಕಿದರಂತೆ. ಮಳೆಗಾಲದ ಐದು ತಿಂಗಳು, ಜೂನ್ 15ರಿಂದ ನವೆಂಬರ್ 15ರವರೆಗೆ. 40 ಮೆಗಾವ್ಯಾಟ್ ಅಂದ್ರೆ ಬಹಳ ಸಣ್ಣದು, ನಮ್ಮ ಗುಡ್ಡದ ಮೇಲಿನ ಗಾಳಿಯಂತ್ರದ ಇಪ್ಪತ್ತು ದೊಡ್ಡ ಫ್ಯಾನು ಜೋರಾಗಿ ತಿರುಗಿದರೆ ಅಷ್ಟಾಗುತ್ತೆ. ಆದರೂ ನನಗೆ ತಟ್ಟನೆ ನೆನಪಾಗಿದ್ದು ನಮ್ಮ ಮುಯ್ಯಾಳು ಪದ್ಧತಿ. ನಿನ್ನ ಹೊಲದ ಕಳೆಗೆ ಇವತ್ತು ನಾನು ಬರ್ತೀನಿ, ನನ್ನ ಹೊಲದ ಕಟಾವಿಗೆ ನೀನು ಬಾ. ದುಡ್ಡು ಕೈ ಬದಲಾಗೋದಿಲ್ಲ, ಲೆಕ್ಕ ಮಾತ್ರ ತಪ್ಪೋದಿಲ್ಲ.

ದೇಶ ದೇಶಗಳ ನಡುವೆ ಕರೆಂಟಿನ ಮುಯ್ಯಾಳು ನಡೆದೀತಾ? ನಡೆದರೆ ಅದರಲ್ಲಿ ನಮ್ಮ ಹಿರಿಯೂರು, ಚಳ್ಳಕೆರೆಗೆ ಏನಾದರೂ ಸಂಬಂಧ ಇದೆಯಾ? ತಿಳಿದವರು ಹೇಳಿ. 2023ರ ಬರದಲ್ಲಿ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ತಾಸಿನಿಂದ ಐದು ತಾಸಿಗೆ ಇಳಿದಾಗ ನಾವು ಪಟ್ಟ ಪಾಡು ಮರೆತಿಲ್ಲ. ಅದಕ್ಕೇ ಕೇಳ್ತಿದೀನಿ.

ಹಳೇಪೇಟೆ (ದಾವಣಗೆರೆ)

ಅಣ್ಣಾ, ಪಾಳಿ ಬರ್ಕೊಂಡಿದ್ದು ಚಲೋ ಆಯ್ತು. ಆದ್ರೆ ದೇಶಗಳ ಮಾತು ಬೇರೆ. ಕಾವೇರಿ, ಕೃಷ್ಣಾ, ಮಹದಾಯಿ, ಒಂದೇ ದೇಶದೊಳಗೆ ಇರೋ ನೀರನ್ನೇ ಹಂಚ್ಕೊಳಕ್ಕೆ ಆಗಿಲ್ಲ ನಮಗೆ. ಇನ್ನು ಗಡಿ ಆಚೆಯವರ ಕರೆಂಟು ನಂಬ್ಕೊಂಡು ಕೂತ್ರೆ, ಅವರಿಗೆ ಸಿಟ್ಟು ಬಂದ ದಿನ ನಮ್ಮನೇಲಿ ಕತ್ತಲು.

ಗುತ್ತೂರು ಸ್ಟೇಷನ್ (ಹರಿಹರ)

ನಾನು ಪ್ರಸರಣ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ರೈತ ಮಿತ್ರರ ಪ್ರಶ್ನೆ ಬಹಳ ಒಳ್ಳೆಯದು. ಎರಡು ಭಾಗ ಮಾಡಿ ಹೇಳುತ್ತೇನೆ.

ಮೊದಲು, ಅಲ್ಲಿನ ಕರೆಂಟು ಇಲ್ಲಿಗೆ ಬರುತ್ತದೆಯೇ? 2013ರ ಡಿಸೆಂಬರ್ 31ಕ್ಕಿಂತ ಮೊದಲು ಕೇಳಿದ್ದರೆ ಉತ್ತರ ಬೇರೆ ಇತ್ತು. ಅಲ್ಲಿಯವರೆಗೆ ದಕ್ಷಿಣದ ವಿದ್ಯುತ್ ಜಾಲ (ಗ್ರಿಡ್) ದೇಶದ ಉಳಿದ ಜಾಲದ ಜೊತೆ ಹೆಜ್ಜೆ ಕೂಡಿಸಿರಲಿಲ್ಲ. ಒಂದು ಜಾಲದಲ್ಲಿರುವ ಜನರೇಟರುಗಳೆಲ್ಲ 50 ಹರ್ಟ್ಸ್‌ನ ಆಸುಪಾಸಿನಲ್ಲಿ ಒಂದೇ ಲಯದಲ್ಲಿ ತಿರುಗಬೇಕು, ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ. ಲಯ ಕೂಡದ ಎರಡು ಜಾಲಗಳ ನಡುವೆ ಕರೆಂಟು ಸಾಗಿಸಬೇಕಾದರೆ ಅದನ್ನು ಒಮ್ಮೆ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಮಾಡಿ, ಆಚೆ ಬದಿಯಲ್ಲಿ ಮತ್ತೆ ಎಸಿ (ದಿಕ್ಕು ಬದಲಿಸುತ್ತ ಹರಿಯುವ ಕರೆಂಟು) ಮಾಡಬೇಕು. ನಮಗೂ ಉತ್ತರಕ್ಕೂ ಇದ್ದ ದೊಡ್ಡ ಕೊಂಡಿಗಳೆಲ್ಲ ಅಂಥವೇ: ಒಡಿಶಾದ ತಾಲ್ಚೇರ್‌ನಿಂದ ಕೋಲಾರದ ಲೈನು, ಭದ್ರಾವತಿಯ ಸ್ಟೇಷನ್ನು (ನಮ್ಮ ಭದ್ರಾವತಿ ಅಲ್ಲ, ಮಹಾರಾಷ್ಟ್ರದ ಚಂದ್ರಪುರದ ಹತ್ತಿರ ಇರುವುದು). 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ, ಎರಡನೇ ದಿನ ಪೂರ್ವ, ಈಶಾನ್ಯ ಜಾಲಗಳೂ ಬಿದ್ದಾಗ, ನಮ್ಮ ಕಡೆ ದೀಪ ಉರಿಯುತ್ತಿದ್ದುದು ಇದೇ ಕಾರಣಕ್ಕೆ. ನಾನು ಆ ದಿನ ಪಾಳಿಯಲ್ಲಿದ್ದೆ, ಮೀಟರಿನ ಮುಳ್ಳಿನಿಂದ ಕಣ್ಣು ತೆಗೆದಿರಲಿಲ್ಲ. ಆದರೆ ಅದೇ ಕಾರಣಕ್ಕೆ, ನಮಗೆ ಬರ ಬಂದಾಗ ಅಲ್ಲಿ ಮಿಕ್ಕಿದ ಕರೆಂಟನ್ನು ಬೇಕಾದಷ್ಟು ತರಿಸಿಕೊಳ್ಳಲೂ ಆಗುತ್ತಿರಲಿಲ್ಲ. ರಾಯಚೂರು–ಸೊಲ್ಲಾಪುರ 765 ಕೆವಿ ಲೈನು ಚಾಲೂ ಆದ ಆ ಡಿಸೆಂಬರ್ 31ರ ರಾತ್ರಿಯಿಂದ ಇಡೀ ದೇಶ ಒಂದೇ ಲಯ. ನೇಪಾಳ, ಭೂತಾನ್ ಕೂಡ ನಮ್ಮ ಜಾಲದ ಜೊತೆ ಎಸಿ ಲೈನಿನಲ್ಲೇ ಕೂಡಿಕೊಂಡಿವೆ. ಭೂತಾನಿನ ಮಾಂಗ್‌ದೇಛುವಿನಲ್ಲಿ ತಿರುಗುವ ಟರ್ಬೈನೂ ಹಿರಿಯೂರಿನ 400 ಕೆವಿ ಸ್ಟೇಷನ್ನೂ ಇವತ್ತು ಒಂದೇ ನೊಗದಲ್ಲಿವೆ. ಬಾಂಗ್ಲಾದೇಶ ಮಾತ್ರ ಇನ್ನೂ ಬೇರೆ ಲಯದಲ್ಲಿದೆ. ಪಶ್ಚಿಮ ಬಂಗಾಳದ ಬಹರಾಂಪುರದಿಂದ ಹೊರಟ ಲೈನು ಅಲ್ಲಿನ ಭೇರಾಮಾರಾದಲ್ಲಿ ಡಿಸಿ ಆಗಿ ದಾಟುತ್ತದೆ. 2013ರಲ್ಲಿ 500 ಮೆಗಾವ್ಯಾಟಿಗೆ ಶುರುವಾಗಿ ಈಗ 1000 ಆಗಿದೆ. ನೇಪಾಳದ ಆ 40 ಮೆಗಾವ್ಯಾಟ್ ಹೋಗುವುದೂ ಇದೇ ದಾರಿಯಲ್ಲಿ. ನೇಪಾಳಕ್ಕೂ ಬಾಂಗ್ಲಾಕ್ಕೂ ನಡುವೆ ನಮ್ಮ ಸಿಲಿಗುರಿಯ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ನೆಲ ಇದೆ. ಆ ಅಡ್ಡಪಟ್ಟಿ ದಾಟಲು ಇಷ್ಟು ವರ್ಷ ಬೇಕಾಯಿತು.

ಎರಡನೆಯದು, ಮುಯ್ಯಾಳು. ರೈತರೇ, ಅದನ್ನು ನಾವು ಆಗಲೇ ಮಾಡಿದ್ದೇವೆ. ನೀವು ಹೇಳಿದ 2023ರ ಬರದಲ್ಲಿ ಕರ್ನಾಟಕ ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ವಿನಿಮಯದ ಮೇಲೆ ಕರೆಂಟು ತಂದಿತು. ದುಡ್ಡಿಗಲ್ಲ, ಮುಂದಿನ ಮಳೆಗಾಲದಲ್ಲಿ ಹಿಂದಿರುಗಿಸುವ ಕರಾರಿನ ಮೇಲೆ. ಜೂನ್‌ನಲ್ಲಿ ಪಂಜಾಬಿನವರಿಗೆ ಭತ್ತದ ನಾಟಿ, ಪಂಪುಗಳಿಗೆ ಕರೆಂಟು ಬೇಕು. ನಮಗೆ ಅದೇ ಹೊತ್ತಿಗೆ ಗಾಳಿ ಎದ್ದಿರುತ್ತದೆ. ನಿಮ್ಮ ಕಳೆ, ಅವರ ಕಟಾವು.

ದಾವಣಗೆರೆಯವರಿಗೆ ಒಂದು ಮಾತು. ನೀರಿನ ಜಗಳ ನಿಜ. ಆದರೆ 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ನೀರು ಸೋರುತ್ತಿತ್ತು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಿದರು. ಜಗಳ ಆಡುವವರೂ ಕೂಡಿ ಕೆಲಸ ಮಾಡಬಲ್ಲರು. ಮೊದಲೇ ಒಂದು ಮಂಡಳಿ, ಒಂದು ಲೆಕ್ಕದ ಪುಸ್ತಕ ಇರಬೇಕು ಅಷ್ಟೆ.

ಭೂಗೋಳ ಮೇಡಂ (ಚಳ್ಳಕೆರೆ)

ಸರ್, ಬಹಳ ಚೆನ್ನಾಗಿ ತಿಳಿಸಿದಿರಿ. ಆದರೆ ನನಗೊಂದು ಸಂಶಯ. ಮುಯ್ಯಾಳು ನಡೆಯುವುದು ಒಬ್ಬರಿಗೆ ಬಿಡುವಿದ್ದಾಗ ಇನ್ನೊಬ್ಬರಿಗೆ ಕೆಲಸ ಇದ್ದರೆ ತಾನೇ? ಇಬ್ಬರ ಹೊಲವೂ ಒಂದೇ ದಿನ ಕಟಾವಿಗೆ ಬಂದರೆ ಯಾರು ಯಾರಿಗೆ ಬರುತ್ತಾರೆ? ಹಿಮಾಲಯದ ಹೊಳೆಗಳು ತುಂಬುವುದು ಜೂನ್‌ನಿಂದ ಸೆಪ್ಟೆಂಬರ್, ಮಳೆಯೂ ಹಿಮ ಕರಗಿದ ನೀರೂ ಸೇರಿ. ಜೋಗಿಮಟ್ಟಿಯ ಗಾಳಿ ಏಳುವುದೂ ಜೂನ್‌ನಿಂದ ಸೆಪ್ಟೆಂಬರ್. ಎರಡಕ್ಕೂ ಕಾರಣ ಅದೇ ನೈರುತ್ಯ ಮಾರುತ. ಹಾಗಾದರೆ ನೇಪಾಳದ ಕಣಜ ತುಂಬಿದಾಗ ನಮ್ಮ ಕಣಜವೂ ತುಂಬಿರುತ್ತದೆ, ಅವರು ಚಳಿಗಾಲದಲ್ಲಿ ಸೊರಗಿದಾಗ ನಮ್ಮ ಫ್ಯಾನೂ ನಿಂತಿರುತ್ತದೆ.

ಜೋಗಿಮಟ್ಟಿ ಹುಡುಗ (ಚಿತ್ರದುರ್ಗ)

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಗಾಳಿಯಂತ್ರದ ನಿರ್ವಹಣೆ ಕೆಲಸದಲ್ಲಿದೀನಿ. ಜುಲೈನಲ್ಲಿ ನಾವು ಮೇಲೆ ಹತ್ತೋದೇ ಕಡಿಮೆ, ಗಾಳಿ ಮಿತಿ ಮೀರಿದ್ರೆ ಹತ್ತೋ ಹಾಗಿಲ್ಲ. ಒಳಗಡೆ ಏಣಿ ಹಿಡ್ಕೊಂಡು ಎಪ್ಪತ್ತು ಎಂಬತ್ತು ಮೀಟರ್ ಹೋದ್ರೆ ಇಡೀ ಗೋಪುರ ತೊಟ್ಟಿಲು ತೂಗಿದಂಗೆ ತೂಗ್ತಿರುತ್ತೆ, ಕಿವಿಗೆ ಬೇರೆ ಏನೂ ಕೇಳ್ಸಲ್ಲ. ರಿಪೇರಿ ಎಲ್ಲ ಜನವರಿ, ಫೆಬ್ರವರಿಯಲ್ಲಿ ಇಟ್ಕೊಳ್ತೀವಿ, ಆಗ ರೆಕ್ಕೆ ಅಲ್ಲಾಡೋದೇ ಅಪರೂಪ.

ಇನ್ನೊಂದು ನೋವಿನ ವಿಷಯ. ಒಳ್ಳೆ ಗಾಳಿ ಬೀಸ್ತಿರೋ ಹೊತ್ತಿಗೇ ಕೆಲವು ಸಲ ಉತ್ಪಾದನೆ ಇಳಿಸಿ ಅಂತ ಕರೆ ಬರುತ್ತೆ. ಮಳೆಗಾಲ, ಪಂಪ್‌ಸೆಟ್ ಓಡ್ತಿರಲ್ಲ, ಬೇಡಿಕೆ ಇರಲ್ಲ. ರೆಕ್ಕೆ ಓರೆ ಮಾಡಿ ಯಂತ್ರ ನಿಲ್ಲಿಸ್ತೀವಿ. ಗಾಳಿ ಸುಮ್ಮನೆ ದಾಟಿ ಹೋಗುತ್ತೆ. ಅದನ್ನ ನೋಡಿದಾಗ ತುಂಬಿದ ಕೆರೆ ಕೋಡಿ ಬಿದ್ದು ಹರಿದುಹೋಗೋದನ್ನ ನೋಡಿದಂಗೆ ಆಗುತ್ತೆ ನಂಗೆ.

ಗುತ್ತೂರು ಸ್ಟೇಷನ್ (ಹರಿಹರ)

ಮೇಡಂ, ನಿಮ್ಮ ಮಕ್ಕಳು ಪುಣ್ಯವಂತರು. ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ಭಾಷಣಗಳಲ್ಲಿ ಯಾರೂ ಎತ್ತುವುದಿಲ್ಲ.

ಗಾಳಿಗೂ ಹಿಮಾಲಯದ ನೀರಿಗೂ ಮುಯ್ಯಿ ಕೂಡುವುದಿಲ್ಲ, ಒಪ್ಪುತ್ತೇನೆ. ಕೂಡುವುದು ಬಿಸಿಲಿಗೂ ನೀರಿಗೂ. ಪಕ್ಕದ ಪಾವಗಡ ನೋಡಿ, ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಅದು ಚೆನ್ನಾಗಿ ದುಡಿಯುವುದು ಚಳಿಗಾಲ ಮುಗಿದು ಬೇಸಿಗೆ ಏರುವಾಗ. ನೇಪಾಳದ ಹೊಳೆಗಳು ಬತ್ತುವುದೂ ಆಗಲೇ. ಅಲ್ಲಿ ಒಂದು ಋತುವಿನ ನೀರನ್ನು ಇನ್ನೊಂದು ಋತುವಿಗೆ ಹಿಡಿದಿಡುವಂಥ ದೊಡ್ಡ ಜಲಾಶಯ ಕುಲೇಖಾನಿ ಒಂದೇ. ಉಳಿದವೆಲ್ಲ ಬಹುಪಾಲು ಹರಿಯುವ ನೀರನ್ನು ಹಾಗೇ ಟರ್ಬೈನಿಗೆ ಬಿಡುವಂಥವು. ಹಾಗಾಗಿ ಮಳೆಗಾಲದಲ್ಲಿ ಮಾರುವ ನೇಪಾಳ ಚಳಿಗಾಲದಲ್ಲಿ ನಮ್ಮಿಂದ ಕೊಳ್ಳುತ್ತದೆ. ಭೂತಾನ್ ಕೂಡ ಹಾಗೇ. ಜಲವಿದ್ಯುತ್ತಿನಿಂದಲೇ ಬಾಳುವ ದೇಶ, ಚಳಿಗಾಲದಲ್ಲಿ ಭಾರತದಿಂದ ತರಿಸಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡದು ಹಗಲು–ರಾತ್ರಿಯ ಮುಯ್ಯಿ. ಮಧ್ಯಾಹ್ನ ನಮ್ಮಲ್ಲಿ ಬಿಸಿಲಿನ ಕರೆಂಟು ಹೆಚ್ಚಾಗಿ ಬೆಲೆ ಇಳಿಯುತ್ತದೆ. ಸಂಜೆ ಆರರ ಮೇಲೆ ಬಿಸಿಲಿಲ್ಲ, ಆಗಲೇ ಮನೆಮನೆಯಲ್ಲಿ ಬೇಡಿಕೆ. ಕೆಲವೇ ಗಂಟೆಗಳ ಮಟ್ಟಿಗೆ ನೀರು ಕಟ್ಟಿ ಹಿಡಿಯಬಲ್ಲ ಸ್ಥಾವರವಾದರೂ ಸಾಕು. ನೆರೆಯವರು ಹಗಲು ನಮ್ಮ ಬಿಸಿಲಿನ ಕರೆಂಟು ಬಳಸಿ ತಮ್ಮ ನೀರು ಉಳಿಸಿಕೊಂಡು, ಸಂಜೆ ಅದನ್ನು ಬಿಟ್ಟು ನಮಗೆ ಕೊಡಬಹುದು. ಮುಯ್ಯಿ ತೀರಲು ಆರು ತಿಂಗಳು ಕಾಯಬೇಕಾಗಿಲ್ಲ, ಆರು ಗಂಟೆಯಲ್ಲಿ ತೀರುತ್ತದೆ. ಹೀಗೆ ಸಂಜೆಯ ಹೊತ್ತು ದಾಟಿಸಲೆಂದೇ ನಮ್ಮಲ್ಲಿ ಶರಾವತಿ ಕಣಿವೆಯಲ್ಲಿ, ಮಿಕ್ಕ ಕರೆಂಟಿನಿಂದ ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಕೆಳಗೆ ಬಿಡುವ 2,000 ಮೆಗಾವ್ಯಾಟಿನ ಭೂಗತ ಯೋಜನೆಗೆ ಹೊರಟಿದ್ದಾರೆ. ಅದಕ್ಕಾಗಿ ಕಾಡು ಹೋಗುತ್ತದೆ ಎಂಬ ಜಗಳ ನಡೆದೇ ಇದೆ. ನೆರೆಯವರ ಬಳಿ ಇರುವ ನೀರನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡರೆ ಪಶ್ಚಿಮಘಟ್ಟದ ಮೇಲಿನ ಹೊರೆ ಎಷ್ಟೋ ಇಳಿದೀತು ಎಂಬುದು ನನ್ನ ಬಲವಾದ ಅನಿಸಿಕೆ.

ಜೋಗಿಮಟ್ಟಿ ತಮ್ಮನ ಮಾತಿಗೆ: ಕೋಡಿ ಹರಿಯುವುದನ್ನು ತಪ್ಪಿಸಲೂ ಇದೇ ಔಷಧ. ಜಾಲ ಹಿಗ್ಗಿದಷ್ಟೂ ಎಲ್ಲೋ ಒಂದು ಕಡೆ ಬೇಡಿಕೆ ಇದ್ದೇ ಇರುತ್ತದೆ.

ಕೋಟೆ ಬೀದಿ ಮಗಳು (ಚಿತ್ರದುರ್ಗ)

ನಾನು ಇಲ್ಲಿ ಓದೋದು ಮಾತ್ರ, ಬರೆಯೋದು ಇದೇ ಮೊದಲು. ನಮ್ಮ ಯಜಮಾನರ ಕೆಲಸದ ಮೇಲೆ 2014ರಿಂದ 2018ರವರೆಗೆ ಕಠ್ಮಂಡುವಿನಲ್ಲಿದ್ದೆವು. ನೇಪಾಳದ ಹೆಸರು ಬಂದಿದ್ದಕ್ಕೆ ಸುಮ್ಮನಿರಲು ಆಗಲಿಲ್ಲ.

ನಾವು ಹೋದಾಗ ಅಡುಗೆಮನೆ ಗೋಡೆಗೆ ಅಂಟಿಸಿದ್ದ ಮೊದಲ ಕಾಗದ ಕ್ಯಾಲೆಂಡರ್ ಅಲ್ಲ, ಕರೆಂಟು ಹೋಗುವ ವೇಳಾಪಟ್ಟಿ. ಊರನ್ನೆಲ್ಲ ಗುಂಪು ಗುಂಪಾಗಿ ಹಂಚಿ, ಯಾವ ಗುಂಪಿಗೆ ಯಾವ ಹೊತ್ತು ಇಲ್ಲ ಅಂತ ಬರೆದಿರೋದು. ಚಳಿಗಾಲದಲ್ಲಿ ದಿನಕ್ಕೆ ಹನ್ನೆರಡು ಗಂಟೆಗೂ ಮೇಲೆ ಇರುತ್ತಿರಲಿಲ್ಲ. ನಡುರಾತ್ರಿ ಎರಡು ಗಂಟೆಗೆ ಎದ್ದು ದೋಸೆ ಹಿಟ್ಟು ರುಬ್ಬಿದ್ದೇನೆ. ಅಷ್ಟು ನೀರಿರುವ ನಾಡಲ್ಲಿ ಅಷ್ಟು ಕತ್ತಲು.

2015ರ ಏಪ್ರಿಲ್‌ನಲ್ಲಿ ಭೂಕಂಪ. ಅದರಿಂದ ಎದ್ದು ಕೂರುವಷ್ಟರಲ್ಲಿ ಸೆಪ್ಟೆಂಬರ್‌ನಿಂದ ಗಡಿಯಲ್ಲಿ ಲಾರಿಗಳು ನಿಂತವು. ಭಾರತ ಸರ್ಕಾರ ಹೇಳಿದ್ದು, ನೇಪಾಳದ ಗಡಿ ಬದಿಯ ಬಯಲಿನ ಮಧೇಸಿ ಜನರ ಚಳವಳಿಯಿಂದ ಹೀಗಾಗಿದೆ ಅಂತ. ಅಲ್ಲಿನ ಜನ ನಂಬಿದ್ದು, ಭಾರತವೇ ದಾರಿ ಕಟ್ಟಿದೆ ಅಂತ. ನಾನು ರಾಜಕೀಯ ತಿಳಿದವಳಲ್ಲ. ನನಗೆ ಗೊತ್ತಿರುವುದು ಇಷ್ಟು: ಗ್ಯಾಸ್ ಇಲ್ಲ, ಪೆಟ್ರೋಲ್ ಇಲ್ಲ, ಮನೆ ಮಾಳಿಗೆ ಮೇಲೆ ಇಟ್ಟಿಗೆ ಜೋಡಿಸಿ, ಭೂಕಂಪಕ್ಕೆ ಮುರಿದ ಕಿಟಕಿ ಚೌಕಟ್ಟಿನ ಕಟ್ಟಿಗೆಯಲ್ಲಿ ಅನ್ನ ಬೇಯಿಸಿದೆವು. ಕೆಳಗಿನ ಮನೆಯ ನೇಪಾಳಿ ಅಮ್ಮ ತಮ್ಮ ಕಟ್ಟಿಗೆಯಲ್ಲಿ ನನಗೂ ಒಂದು ಪಾಲು ಕೊಟ್ಟರು. ಅಂಗಡಿಯಲ್ಲಿ ಒಬ್ಬ ಹುಡುಗ ಮಾತ್ರ ನನ್ನ ಮುಖ ನೋಡಿ ‘ನಿಮ್ಮ ದೇಶದಿಂದ ಹೀಗಾಯ್ತು’ ಅಂದ. ಉತ್ತರ ಕೊಡಲಾಗದೆ ಸಾಮಾನು ಬಿಟ್ಟು ಮನೆಗೆ ಬಂದೆ.

2016ರಲ್ಲಿ ಧಲ್ಕೇಬಾರ್–ಮುಜಫ್ಫರ್‌ಪುರ ಲೈನು ಶುರುವಾಯ್ತು, ಬಿಹಾರದಿಂದ ಕರೆಂಟು ಬಂತು. ಆ ವರ್ಷದ ತಿಹಾರ್ ಹಬ್ಬಕ್ಕೆ, ಅಂದರೆ ನಮ್ಮ ದೀಪಾವಳಿಗೆ, ಇಡೀ ಊರು ಬೆಳಗಿತ್ತು, ಒಂದು ಕ್ಷಣವೂ ಹೋಗಲಿಲ್ಲ. ಗೋಡೆಯ ವೇಳಾಪಟ್ಟಿಯನ್ನು ನಾನೇ ಕಿತ್ತೆ.

ಹಳೇಪೇಟೆಯವರು ಹೇಳಿದ ಭಯ ಇದೆಯಲ್ಲ, ನೆರೆಯವರಿಗೆ ಸಿಟ್ಟು ಬಂದ ದಿನ ಮನೆ ಕತ್ತಲು ಅಂತ, ಆ ಭಯ ಅವರಿಗೆ ನಮ್ಮ ಮೇಲಿದೆ. ಅದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು ಅಂತ ಕೈಮುಗಿದು ಕೇಳುತ್ತೇನೆ. ಅದಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಮನೆಗಳಲ್ಲಿ ಕರೆಂಟು ಒಲೆ ಬಂತು, ರಸ್ತೆಗೆ ಕರೆಂಟು ಕಾರು ಬಂತು. ಇವತ್ತು ಅಲ್ಲಿ ಹೊಸದಾಗಿ ಬರುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತಿನವು. ಅತ್ತ ಬಿಹಾರದ ಮೋತಿಹಾರಿಯಿಂದ ಅವರ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರ್ ಪೆಟ್ರೋಲಿಯಂ ಪೈಪ್‌ಲೈನೂ 2019ರಲ್ಲಿ ಆಯ್ತು. ಎರಡೂ ಒಟ್ಟಿಗೆ ನಡೆದಿದೆ: ನೆರೆಯವರ ಜೊತೆ ಕೊಂಡಿ, ತಮ್ಮ ಕಾಲ ಮೇಲೆ ನಿಲ್ಲುವ ಹಟ.

ಮಂಡಕ್ಕಿ ಭಟ್ಟಿ (ದಾವಣಗೆರೆ)

ಅಕ್ಕಾ, ನೀವು ಬರೆದಿದ್ದು ಓದಿ ಕಣ್ಣು ತುಂಬಿ ಬಂತು. ಇನ್ನೂ ಬರೀರಿ.

ನಮ್ಮದು ಒಲೆಯ ಕಸುಬು. ಬೆಳಗಿನ ಜಾವ ಮೂರಕ್ಕೆ ಬೆಂಕಿ ಹಾಕಿದರೆ ಮರಳು ಕಾದು, ಅಕ್ಕಿ ಹಾಕಿ ಜರಡಿ ಹಿಡಿಯೋ ಹೊತ್ತಿಗೆ ಮೈಯೆಲ್ಲ ಬೂದಿ. ಈಗ ಭತ್ತದ ಹೊಟ್ಟು ಉರಿಸ್ತೀವಿ. ಮುಂಚೆ ಹಳೇ ಟೈರ್ ಉರಿಸ್ತಿದ್ದ ಕಾಲ ಇತ್ತು. ಆ ಹೊಗೆ ಕುಡಿದೇ ನಮ್ಮಪ್ಪ ಐವತ್ತೆಂಟಕ್ಕೆ ಹೋದರು. ಡಾಕ್ಟರು ಬೇರೆ ಹೆಸರು ಬರೆದರು, ನಮಗೆ ಗೊತ್ತು. ಹಾಗಾಗಿ ಇಂಧನ ಭದ್ರತೆ ಅಂತ ಯಾರಾದರೂ ಅಂದರೆ ನನಗೆ ಗಡಿ ಕಾಣಲ್ಲ, ನಮ್ಮಪ್ಪನ ಕೆಮ್ಮು ಕೇಳುತ್ತೆ.

ಮನೆಗೆ ಸಿಲಿಂಡರ್ ಬಂದಿದೆ, ಅಮ್ಮನ ಕಣ್ಣು ಉಳೀತು. ಆದರೆ ಆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಲ್ಲಿ ಹೊರಗಿಂದ, ಬಹುಪಾಲು ಕೊಲ್ಲಿ ದೇಶಗಳಿಂದ ಬರುತ್ತೆ. ಅಲ್ಲಿ ಗುಂಡು ಹಾರಿದರೆ ಇಲ್ಲಿ ಬೆಣ್ಣೆದೋಸೆ ರೇಟು ಏರುತ್ತೆ. ದೂರದ ಸಮುದ್ರದವರನ್ನ ನಂಬಿ ಬದುಕ್ತಾ ಇದೀವಿ, ಪಕ್ಕದ ಮನೆಯವರನ್ನ ನಂಬೋಕೆ ಮಾತ್ರ ಭಯ. ಇದು ನನಗೆ ಸರಿ ಕಾಣಲ್ಲ.

ಹಳೇಪೇಟೆ (ದಾವಣಗೆರೆ)

ಅಕ್ಕಾ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಭಯ ಆ ಕಡೆನೂ ಇದೆ ಅನ್ನೋದನ್ನ ನಾನು ಯೋಚನೆ ಮಾಡಿರಲಿಲ್ಲ.

ಆದ್ರೂ ಒಂದು ಕೇಳ್ತೀನಿ. ದುಡ್ಡಿನ ಲೆಕ್ಕ ಕೆಟ್ಟರೆ? ಜಾರ್ಖಂಡಿನ ಗೊಡ್ಡಾದಲ್ಲಿ ಬಾಂಗ್ಲಾಕ್ಕಾಗಿಯೇ 1,600 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಕಟ್ಟಿದರು. ಬಾಕಿ ಏರಿತು ಅಂತ 2024ರ ಅಕ್ಟೋಬರ್ ಕೊನೆಗೆ ಕರೆಂಟು ಅರ್ಧಕ್ಕೆ ಇಳೀತು. ಬೆಲೆ ಜಾಸ್ತಿ ಅಂತ ಅವರು, ಬಾಕಿ ಕೊಡಿ ಅಂತ ಇವರು. ಶ್ರೀಲಂಕಾದಲ್ಲಿ 2022ರಲ್ಲಿ ಡಾಲರ್ ಖಾಲಿಯಾಗಿ ದಿನಕ್ಕೆ 13 ಗಂಟೆ ಕರೆಂಟ್ ತೆಗೆದರು. ನಾವೇ ಎಣ್ಣೆಗೆ ಸಾಲ ಕೊಡಬೇಕಾಯ್ತು. ಕೊಳ್ಳೋರ ಕೈಯಲ್ಲಿ ದುಡ್ಡಿಲ್ಲದಿದ್ರೆ ಮುಯ್ಯಾಳು ಎಲ್ಲಿ ನಿಲ್ಲುತ್ತೆ?

ಗುತ್ತೂರು ಸ್ಟೇಷನ್ (ಹರಿಹರ)

ಕೇಳಬೇಕಾದ್ದೇ ಕೇಳಿದಿರಿ. ಗೊಡ್ಡಾದ್ದು ಮುಯ್ಯಾಳು ಅಲ್ಲ, ಒಬ್ಬರೇ ಮಾರುವ, ಒಬ್ಬರೇ ಕೊಳ್ಳುವ ಅಂಗಡಿ. ಕಲ್ಲಿದ್ದಲೂ ಹೊರದೇಶದ್ದು, ಬೆಲೆ ಡಾಲರಿನಲ್ಲಿ. ಅಂಥ ಕರಾರಿನಲ್ಲಿ ಎರಡೂ ಕಡೆ ಕೊರಳು ಬಿಗಿಯುತ್ತದೆ.

ಅದೇ ಬಾಂಗ್ಲಾದ ಇನ್ನೊಂದು ಕತೆ ಕೇಳಿ. ತ್ರಿಪುರಾದ ಪಾಲಟಾನಾದಲ್ಲಿ 726 ಮೆಗಾವ್ಯಾಟಿನ ಅನಿಲ ಸ್ಥಾವರ ಕಟ್ಟುವಾಗ ಭಾರೀ ಯಂತ್ರಗಳನ್ನು ಈಶಾನ್ಯದ ಗುಡ್ಡದ ರಸ್ತೆಯಲ್ಲಿ ಒಯ್ಯುವುದು ಆಗದ ಮಾತಾಗಿತ್ತು. ಬಾಂಗ್ಲಾದೇಶ ತನ್ನ ಹೊಳೆ, ರಸ್ತೆಗಳ ಮೂಲಕ ಬಿಟ್ಟುಕೊಟ್ಟಿತು. ಸ್ಥಾವರ ನಿಂತಿತು. 2016ರಿಂದ ತ್ರಿಪುರಾದ 100 ಮೆಗಾವ್ಯಾಟ್ ಬಾಂಗ್ಲಾದ ಕೊಮಿಲ್ಲಾ ಕಡೆ ಹರಿಯಿತು. ದಾರಿ ಕೊಟ್ಟವರಿಗೆ ಬೆಳಕು. ಇದು ಮುಯ್ಯಿ.

ಇನ್ನು ಸಿಟ್ಟಿನ ಮಾತು. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರವೇ ಬಿತ್ತು, ನಮಗೂ ಅವರಿಗೂ ಮಾತು ಬಿಸಿಯಾಯಿತು. ಆದರೂ ರೈತರು ಹೇಳಿದ ಆ ಮೂರು ಸಹಿ ಬಿದ್ದದ್ದು ಅದಾದ ಎರಡೇ ತಿಂಗಳಿಗೆ. ನವೆಂಬರ್ 15ಕ್ಕೆ, ಆ ಋತುವಿನ ಕೊನೇ ದಿನ, ಒಂದು ದಿನದ ಮಟ್ಟಿಗಾದರೂ ಕರೆಂಟು ಹರಿಸಿ ತೋರಿಸಿದರು. ಮುಂದಿನ ಮಳೆಗಾಲದಿಂದ ನಿಜವಾಗಿ ಶುರುವಾಯಿತು.

ನಮ್ಮ ಕಡೆಯ ಬಿಗಿತನವನ್ನೂ ಹೇಳಲೇಬೇಕು. ನೇಪಾಳದಲ್ಲಿ ಚೀನಾದ ಬಂಡವಾಳವೋ ಗುತ್ತಿಗೆಯೋ ಇರುವ ಸ್ಥಾವರದ ಕರೆಂಟನ್ನು ನಾವು ಕೊಳ್ಳುವುದಿಲ್ಲ. ಭದ್ರತೆಯ ಕಾಳಜಿ ಅರ್ಥವಾಗುತ್ತದೆ. ಆದರೆ ಬಂಡವಾಳಕ್ಕೆ ಹಂಬಲಿಸುವ ಬಡ ನೆರೆಯವರಿಗೆ ನಾವೇ ಬೇರೆ ದಾರಿ ತೋರಿಸದೆ ಬರೀ ಬಾಗಿಲು ಮುಚ್ಚಿದರೆ ಹೇಗೆ? ಭೂತಾನಿನಲ್ಲಿ ನಾವು ದಾರಿ ತೋರಿಸಿದ್ದೆವು. 336 ಮೆಗಾವ್ಯಾಟಿನ ಛೂಖಾ ಜಲವಿದ್ಯುತ್ ಸ್ಥಾವರಕ್ಕೆ ನೂರಕ್ಕೆ ಅರವತ್ತು ಪಾಲು ಅನುದಾನ, ನಲವತ್ತು ಪಾಲು ಸಾಲ. ಆ ದೇಶದ ಶಾಲೆ, ಆಸ್ಪತ್ರೆ ನಡೆದದ್ದರಲ್ಲಿ ಆ ಕರೆಂಟಿನ ದುಡ್ಡೂ ಇದೆ. 2024ರ ಜನವರಿಯಲ್ಲಿ ನೇಪಾಳದ ಜೊತೆಗೂ ದೊಡ್ಡ ಒಪ್ಪಂದ ಆಗಿದೆ, ಹತ್ತು ವರ್ಷದಲ್ಲಿ 10,000 ಮೆಗಾವ್ಯಾಟ್ ಕೊಳ್ಳುತ್ತೇವೆ ಎಂದು. ಅವರ ಒಟ್ಟು ಸ್ಥಾವರಗಳು ಮೂರು ಸಾವಿರ ಚಿಲ್ಲರೆ ಮೆಗಾವ್ಯಾಟ್ ಇದ್ದಾಗ ಕೊಟ್ಟ ಮಾತು ಅದು.

ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಕೂಟ) ದೇಶಗಳೆಲ್ಲ ಸೇರಿ 2014ರ ನವೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ವಿದ್ಯುತ್ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದ್ದವು. ಅದಾದ ಮೇಲೆ ಸಾರ್ಕ್ ಶೃಂಗಸಭೆಯೇ ಕೂಡಿಲ್ಲ. ಕೂಡುವವರ ಜೊತೆ ಕೂಡುತ್ತ ಹೋಗುವುದು, ಇಬ್ಬಿಬ್ಬರು, ಮೂವರು. ಈಗ ನಡೆದಿರುವುದು ಅದೇ.

ಭೂಗೋಳ ಮೇಡಂ (ಚಳ್ಳಕೆರೆ)

10,000 ಮೆಗಾವ್ಯಾಟ್ ಎಂದಾಗ ನನಗೆ ಎದೆ ಝಲ್ಲೆಂದಿತು ಸರ್. ಆ ಬೆಟ್ಟಗಳು ತಡೆಯುತ್ತವೆಯೇ?

2023ರ ಅಕ್ಟೋಬರ್ 4ರ ನಸುಕಿನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಾಕ್ ಎಂಬ ಹಿಮಸರೋವರ ಒಡೆದು, ಚುಂಗ್‌ಥಾಂಗ್‌ನಲ್ಲಿದ್ದ 1,200 ಮೆಗಾವ್ಯಾಟ್ ತೀಸ್ತಾ–3 ಯೋಜನೆಯ ಅಣೆಕಟ್ಟೆಯನ್ನೇ ಕೊಚ್ಚಿಕೊಂಡು ಹೋಯಿತು. ಭೂತಾನಿನ ಪುನಾತ್‌ಸಾಂಗ್‌ಛು–1 ಜಲವಿದ್ಯುತ್ ಯೋಜನೆ ಶುರುವಾಗಿದ್ದು 2008ರಲ್ಲಿ, 2013ರಲ್ಲಿ ಬಲದಂಡೆಯ ಗುಡ್ಡ ಜಾರಿ ಕೆಲಸ ವರ್ಷಗಟ್ಟಲೆ ಕುಂಟಿತು. 2008ರ ಆಗಸ್ಟ್‌ನಲ್ಲಿ ನೇಪಾಳದ ಕುಸಹಾದಲ್ಲಿ ಕೋಸಿ ನದಿಯ ದಂಡೆ ಒಡೆದಾಗ ಹೆಚ್ಚಾಗಿ ಮುಳುಗಿದ್ದು ನಮ್ಮ ಬಿಹಾರ. 1954ರ ಭಾರತ–ನೇಪಾಳ ಒಪ್ಪಂದದಂತೆ ಆ ದಂಡೆ ನೋಡಿಕೊಳ್ಳಬೇಕಾದವರು ನಾವೇ. ನೀರು ಅವರದು, ಕರೆಂಟು ನಮಗೆ ಎಂದು ಬರೀ ಮೆಗಾವ್ಯಾಟ್ ಎಣಿಸಿದರೆ ಸಾಲದು. ಮೇಲೆ ಮಳೆ ಎಷ್ಟು, ಸರೋವರದ ಮಟ್ಟ ಎಷ್ಟು ಎಂಬ ಸುದ್ದಿ ಗಂಟೆಗಂಟೆಗೂ ಗಡಿ ದಾಟಬೇಕು. ಅದಿಲ್ಲದೆ ಕಟ್ಟಿದ ಪ್ರತಿ ಅಣೆಕಟ್ಟೂ ಕೆಳಗಿನವರ ತಲೆಯ ಮೇಲಿನ ಕಲ್ಲು.

ಇನ್ನು ಆ ಕಣಿವೆಯ ಜನ. ಅವರ ಊರಿನ ಮೇಲೆ ತಂತಿ ಹೋಗುತ್ತದೆ, ಅವರ ಮನೆಗೆ ಏನು ಹೋಗುತ್ತದೆ?

ಜೋಗಿಮಟ್ಟಿ ಹುಡುಗ (ಚಿತ್ರದುರ್ಗ)

ಮೇಡಂ, ಅದನ್ನ ಕೇಳೋಕೆ ಹಿಮಾಲಯಕ್ಕೆ ಹೋಗ್ಬೇಕಿಲ್ಲ. ಪಾವಗಡದಲ್ಲಿ ರೈತರ ಜಮೀನು ಕೊಳ್ಳಲಿಲ್ಲ, ಬಾಡಿಗೆಗೆ ತಗೊಂಡ್ರು. ಎಕರೆಗೆ ವರ್ಷಕ್ಕೆ 21,000 ಅಂತ ಶುರುವಾಗಿ ಎರಡು ವರ್ಷಕ್ಕೊಮ್ಮೆ ಏರುತ್ತೆ. ಪಹಣಿಯಲ್ಲಿ ಹೆಸರು ರೈತರದ್ದೇ. ಬರದ ನಾಡಿಗೆ ಅದು ದೊಡ್ಡದು. ಆದ್ರೆ ಹೊಲ ಇಲ್ಲದ ಕೂಲಿಯವರು, ಕುರಿ ಮೇಯಿಸೋರು, ಅವರಿಗೆ ಬಾಡಿಗೆ ಯಾರು ಕೊಡ್ತಾರೆ? ನಮ್ಮ ಗುಡ್ಡದಲ್ಲೂ ಅದೇ. ಫ್ಯಾನಿನ ಬುಡದಲ್ಲಿ ಕುರಿ ಹೊಡ್ಕೊಂಡು ಬರೋ ಅಜ್ಜ ಒಬ್ಬರು ನನ್ನ ಕೇಳಿದ್ರು, ‘ಇದರ ಕರೆಂಟು ಎಲ್ಲಿಗೆ ಹೋಗ್ತೈತಪ್ಪಾ?’ ಅಂತ. ಬೆಂಗಳೂರಿಗೆ ಅಂದೆ. ‘ನಮ್ಮ ಹಟ್ಟಿ ದಾಟಿ ಹೋಗ್ತೈತಲ್ಲಾ’ ಅಂದ್ರು. ಅಷ್ಟೇ ಅಂದಿದ್ದು.

ಮಂಡಕ್ಕಿ ಭಟ್ಟಿ (ದಾವಣಗೆರೆ)

ಮಾರಿಕಣಿವೆ ಅಣ್ಣಾ, ಚರ್ಚೆ ಹಚ್ಚಿಕೊಟ್ಟು ಎಲ್ಲಿ ಹೋದ್ರಿ? ನಿಮ್ಮ ಆ ನೋಟ್‌ಬುಕ್ಕಿನಲ್ಲಿ ಏನೇನು ಬರೆದಿದೀರ ಹೇಳ್ರಿ. ನಮ್ಮ ಭಟ್ಟಿ ಓಣಿಯಲ್ಲೂ ಒಂದೇ ಟಿಸಿ, ದಿನಾ ಜಗಳ.

ಮಾರಿಕಣಿವೆ ರೈತ (ಹಿರಿಯೂರು ತಾಲ್ಲೂಕು)

ಇಲ್ಲೇ ಇದೀನಿ ಅಣ್ಣಾ, ಎಲ್ಲ ಓದ್ತಾ ಇದ್ದೆ. ಗುತ್ತೂರಿನ ಸಾರ್, ಮೇಡಂ, ಅಕ್ಕಾ, ತಮ್ಮಾ, ನಿಮಗೆಲ್ಲ ಶರಣು. ಮೋಟರು ಪಾಳಿ ಇತ್ತು, ಅದಕ್ಕೆ ತಡ ಆಯ್ತು.

ನೋಟ್‌ಬುಕ್ಕು ಎದುರಿಗೇ ಇದೆ, ಇದ್ದಂಗೆ ಹೇಳ್ತೀನಿ. ಮೊದಲ್ನೇ ಪುಟದಲ್ಲಿ ಆರು ಹೆಸರು, ಎದುರಿಗೆ ಯಾರದ್ದು ನಿಜವಾಗಿ ಎಷ್ಟು ಎಚ್‌ಪಿ ಅಂತ. ಅದನ್ನ ಬರೆಸೋಕೇ ಅರ್ಧ ದಿನ ಹಿಡೀತು, ಯಾಕಂದ್ರೆ ಎಲ್ಲರೂ ಸುಳ್ಳು ಹೇಳಿದ್ವಿ, ನಾನೂ ಸೇರಿ. ಆಮೇಲೆ ಪಾಳಿ. ಮೂರು ಜನ ಮೊದಲ ಮೂರೂವರೆ ಗಂಟೆ, ಇನ್ನು ಮೂರು ಜನ ಉಳಿದ ಮೂರೂವರೆ, ವಾರಕ್ಕೊಮ್ಮೆ ಅದಲು ಬದಲು. ನಿನ್ನ ಪಾಳಿ ನಿನಗೆ ಬೇಡ ಅಂದ್ರೆ ಅದು ಹೋಗೋದು ಯಾರ ಬೆಳೆ ಹೆಚ್ಚು ಬಾಡಿದೆಯೋ ಅವರಿಗೆ, ಜೋರು ಬಾಯಿ ಇರೋರಿಗಲ್ಲ. ಎರವಲು ಕೊಟ್ಟ ಪಾಳಿಯನ್ನ ಹದಿನೈದು ದಿನದೊಳಗೆ ತೀರಿಸಬೇಕು. ತೀರಿಸದೇ ಇದ್ರೆ ಬಾಕಿ ಅಂತ ಕೆಂಪು ಶಾಯಿಯಲ್ಲಿ ಬರೀತೀವಿ, ಆದ್ರೆ ಅವನ ಫ್ಯೂಸ್ ಮಾತ್ರ ಯಾರೂ ಕೀಳೋ ಹಾಗಿಲ್ಲ. ಒಬ್ಬರು ಒಮ್ಮೆ ಕಿತ್ತರು. ಅವತ್ತು ನೀರಿಲ್ಲದೆ ಒದ್ದಾಡಿದ್ದು ಬಾಕಿದಾರ ಅಲ್ಲ, ಅವನ ಎಮ್ಮೆ.

ಕೊನೇ ಸಾಲು ಈ ವರ್ಷ ಯುಗಾದಿ ಆದ ಮೇಲೆ ಸೇರಿಸಿದ್ದು. ಟಿಸಿ ಕಂಬ ನಿಂತಿರೋದು ನಮ್ಮ ಆರು ಜನರ ಹೊಲದಲ್ಲಿ ಅಲ್ಲ. ಮೇಲಿನ ಹೊಲದ ಅಜ್ಜಿಯದ್ದು ಅದು, ಒಂದೂಕಾಲು ಎಕರೆ. ಅವರಿಗೆ ಬೋರಿಲ್ಲ, ಮಗ ಊರಲ್ಲಿಲ್ಲ. ಎಣ್ಣೆ ಸುರಿದು ಸುಟ್ಟಿದ್ದೂ ಅವರ ಗರಿಕೆಯೇ, ಹೊಸ ಟಿಸಿ ತಂದ ಟ್ರ್ಯಾಕ್ಟರ್ ಹಾಯ್ದಿದ್ದೂ ಅವರ ಸಜ್ಜೆ ಮೇಲೆಯೇ. ಹನ್ನೊಂದು ದಿನ ನಾವು ಆರು ಜನ ನಮ್ಮ ನಮ್ಮ ನಷ್ಟ ಹೇಳ್ಕೊಂಡು ಅತ್ತಿದ್ವಿ, ಅವರನ್ನ ಯಾರೂ ಕೇಳಿರಲಿಲ್ಲ. ಈಗ ಪ್ರತಿ ಸೋಮವಾರ ಮೊದಲ ಪಾಳಿಯವರು ಯಾರೇ ಇರಲಿ, ಒಂದು ಗಂಟೆ ನೀರು ಅಜ್ಜಿ ಹೊಲಕ್ಕೆ. ಪೈಪು ಎಳೆದುಕೊಡೋದೂ ಅವರೇ. ಇವತ್ತು ನನ್ನ ಸರದಿ ಇತ್ತು. ಬದನೆ, ಮೆಣಸಿನಕಾಯಿ ಹಾಕಿದಾರೆ. ಬರುವಾಗ ಸೆರಗಿನ ತುಂಬ ಎಳೇ ಬದನೆಕಾಯಿ ತಂದು ಕೈಗೆ ಸುರಿದರು, ಬೇಡ ಅಂದ್ರೂ ಬಿಡಲಿಲ್ಲ.